ಮೆಷಿನ್ ಶಾಪ್ (ಲೋಹದ ಬಿಡಿಭಾಗ ಕಡೆದು ಕೊಡುವ ಶೆಡ್) ಹಾಕಲು ಬೆಂಗಳೂರಿನ ಪೀಣ್ಯವೋ, ಬೆಳಗಾವಿಯೋ?

ಮೊದಲು ನಿಮ್ಮ ಪಾರ್ಟ್ ಎಲ್ಲಿ ಹುಟ್ಟುತ್ತದೆ ಅಂತ ನೋಡಿ.

ಎರಕದಿಂದ ಶುರುವಾಗುವ ಕೆಲಸ, ಅಂದರೆ ಪಂಪ್, ವಾಲ್ವ್ ಬಾಡಿ ಆದರೆ ನಾನು ಬೆಳಗಾವಿಯ ಉದ್ಯಮಬಾಗ್ ಅಂತಲೇ ಹೇಳುತ್ತೇನೆ. ಎರಕ ಹೊಯ್ಯುವ ಫೌಂಡ್ರಿ, ಅಚ್ಚಿಗೆ ಬೇಕಾದ ಮಾದರಿ ಅಂದರೆ ಪ್ಯಾಟರ್ನ್ ಮಾಡುವವರು, ಮೆಷಿನಿಂಗ್ ಶಾಪ್ ಎಲ್ಲ ಹತ್ತಿರ ಹತ್ತಿರ. ಎರಕದ ತುಂಡಿನಲ್ಲಿ ರಂಧ್ರ ಕೊರೆಯುವಾಗ ಒಳಗೆ ಗಾಳಿಗುಳ್ಳೆ ಕಂಡಿತು ಅನ್ನಿ. ಆ ತುಂಡನ್ನೇ ಬೈಕಿನಲ್ಲಿಟ್ಟುಕೊಂಡು ಹೋಗಿ ಫೌಂಡ್ರಿಯವರಿಗೆ ತೋರಿಸಬಹುದು. ಮರಳಿನ ತೇವ ಜಾಸ್ತಿಯಾಯಿತೋ, ಲೋಹ ಸುರಿದದ್ದು ತಪ್ಪಾಯಿತೋ, ಅಲ್ಲೇ ನಿಂತು ಮಾತಾಗುತ್ತದೆ. ತಂತ್ರಜ್ಞಾನ ವರ್ಗಾವಣೆ ಅಂದರೆ ಬಹುಪಾಲು ಇದೇ ಅಲ್ವಾ? ಕೊಲ್ಹಾಪುರ, ಪುಣೆಯ ಗಿರಾಕಿಗಳೂ ಬೆಳಗಾವಿ ಮೇಲೆ ಹಾದುಹೋಗುವ ಹೆದ್ದಾರಿಯಲ್ಲೇ ಇದ್ದಾರೆ.

ಪೀಣ್ಯದ ಬಲ ಬೇರೆ. 1950ರ ದಶಕದಲ್ಲಿ ಪಕ್ಕದ ಜಾಲಹಳ್ಳಿಗೆ ಎಚ್‌ಎಂಟಿ, ಬಿಇಎಲ್ ಬಂದವು. ಅಲ್ಲಿ ಪಳಗಿದ ಕೈಗಳು ಸುತ್ತಲಿನ ಸಣ್ಣ ಶೆಡ್‌ಗಳಿಗೂ ಕೆಲಸ ಕಲಿಸಿದವು. ತುಮಕೂರು ರಸ್ತೆಯಲ್ಲೇ ಸಿಎಂಟಿಐ, ಅಂದರೆ ಉತ್ಪಾದನಾ ತಂತ್ರಜ್ಞಾನದ ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆ ಇದೆ. ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಲೆಕ್ಕದ ಅಳತೆಗೆ ದೂರ ಹೋಗಬೇಕಿಲ್ಲ. ಹೀಟ್ ಟ್ರೀಟ್‌ಮೆಂಟ್, ಗ್ರೈಂಡಿಂಗ್, ಪ್ಲೇಟಿಂಗ್ ಎಲ್ಲವೂ ಜಾಬ್‌ವರ್ಕ್‌ಗೆ ಸಿಗುತ್ತವೆ. ರಕ್ಷಣಾ ಇಲಾಖೆಯ ಆರ್ಡರ್ ಹಿಡಿಯುವ ಆಸೆ ಇದ್ದರೆ ಇಲ್ಲೇ ಇರಿ.

ಬಾಡಿಗೆ, ಟ್ರಾಫಿಕ್ ಮಾತ್ರ ಜಾಸ್ತಿ. ಕಲಿತ ಹುಡುಗ ಸಂಬಳಕ್ಕಾಗಿ ಪಕ್ಕದ ಶೆಡ್‌ಗೆ ಹಾರುವುದೂ ಜಾಸ್ತಿ. ನಿಮ್ಮ ಜಿಗ್ (ತುಂಡನ್ನು ಹಿಡಿದು ಉಪಕರಣಕ್ಕೆ ದಾರಿ ತೋರುವ ಸಾಧನ) ಐಡಿಯಾ ಅವನ ಜೊತೆ ಹೋಗುತ್ತದೆ. ಪಕ್ಕದ ಶೆಡ್‌ನವರದ್ದೂ ಯಾವಾಗಲೋ ನಿಮ್ಮಲ್ಲಿಗೆ ಬರುತ್ತದೆ ಬಿಡಿ.