ಸಸಿಹಿತ್ಲು ಕಡಲತೀರದ ಅತಿಥಿಗೃಹ: ಸರ್ಫಿಂಗ್ ಕಲಿಯುವವರಿಗೆ ತಕ್ಕ ಬಿಡಾರ

ಬೋರ್ಡ್ ಮೇಲೆ ನಿಂತು ಕಡಲ ತೆರೆಗಳನ್ನೇರಿ ಸಾಗುವ ಸರ್ಫಿಂಗ್ ಕಲಿಯಲು ಕರಾವಳಿಗೆ ಬರುವವರು ಕೋಣೆಯ ಅಂದಚಂದಕ್ಕಿಂತ ಮೊದಲು, ಆ ಮನೆಯವರಿಗೆ ಕಡಲಿನ ಪರಿಚಯ ಎಷ್ಟಿದೆ ಎಂಬುದನ್ನು ವಿಚಾರಿಸಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಆ ದೃಷ್ಟಿಯಿಂದ ಸಸಿಹಿತ್ಲುವಿನ ಈ ಅತಿಥಿಗೃಹವನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಉಡುಪಿಯ ಕಡೆಗೆ ಸಾಗಿ, ಹಳೆಯಂಗಡಿಯಲ್ಲಿ ಪಶ್ಚಿಮಕ್ಕೆ ತಿರುಗಿದರೆ ಸಸಿಹಿತ್ಲು ಸಿಗುತ್ತದೆ. ಶಾಂಭವಿ ಮತ್ತು ನಂದಿನಿ ನದಿಗಳು ಒಂದಾಗಿ ಕಡಲು ಸೇರುವ ಅಳಿವೆ ಇಲ್ಲಿಯೇ ಇದೆ. ನದಿ ತಂದು ಹಾಕುವ ಮರಳಿನ ದಿಬ್ಬಗಳ ಮೇಲೆ ತೆರೆಗಳು ಎದ್ದು ಒಡೆಯುವುದರಿಂದಲೇ ಈ ತೀರ ಸರ್ಫಿಂಗ್‌ಗೆ ಹೇಳಿ ಮಾಡಿಸಿದಂತಿದೆ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಯೂ ಇಲ್ಲಿ ನಡೆಯಿತು. ಆದರೆ ಪ್ರತಿ ಮಳೆಗಾಲ ಕಳೆದಾಗ ಈ ದಿಬ್ಬಗಳು ಜಾಗ ಬದಲಿಸುತ್ತವೆ. ಆದ್ದರಿಂದ ಹೋದ ವರ್ಷ ಸುರಕ್ಷಿತವಾಗಿದ್ದ ಜಾಗ ಈ ವರ್ಷವೂ ಹಾಗೆಯೇ ಇರುತ್ತದೆಂದು ನಂಬುವಂತಿಲ್ಲ, ಅದನ್ನು ದಿನವೂ ನೋಡುವವರೇ ಹೇಳಬೇಕು.

ಈ ಮನೆಯವರ ನಿಜವಾದ ಬೆಲೆ ತಿಳಿಯುವುದು ಅಲ್ಲಿಯೇ. ನೀರಿಗೆ ಇಳಿಸುವ ಮೊದಲು ಯಜಮಾನರು ಅತಿಥಿಗಳನ್ನು ದಂಡೆಯಲ್ಲಿ ನಿಲ್ಲಿಸಿ, ಎರಡು ಬದಿಗಳಲ್ಲಿ ತೆರೆಗಳು ನೊರೆಯಾಗಿ ಒಡೆಯುತ್ತಿರುವಾಗ ನಡುವೆ ಸಪಾಟಾಗಿ, ತುಸು ಕೆಂಪಾಗಿ ಕಾಣುವ ನೀರಿನ ಪಟ್ಟಿಯೊಂದನ್ನು ಬೆರಳು ಮಾಡಿ ತೋರಿಸುತ್ತಾರೆ. ಹೊಸಬರಿಗೆ ಅದೇ ಶಾಂತವಾದ ಜಾಗವೆನಿಸುತ್ತದೆ, ಆದರೆ ದಡಕ್ಕೆ ಬಂದ ನೀರು ಕಡಲಿಗೆ ಹಿಂದಿರುಗುವ ಸೆಳೆತ ಇರುವುದು ಅಲ್ಲಿಯೇ. ಅದರಲ್ಲಿ ಸಿಲುಕಿದರೆ ಬೋರ್ಡ್ ಬಿಡಬಾರದು, ದಡದ ಕಡೆಗೆ ಗುದ್ದಾಡದೆ ಅಡ್ಡಕ್ಕೆ ಸಾಗಿ ಹೊರಬರಬೇಕು ಎಂದು ಅವರು ನಿಧಾನವಾಗಿ, ಎಲ್ಲರಿಗೂ ಅರ್ಥವಾಗುವ ತನಕ ವಿವರಿಸುತ್ತಾರೆ. ಒಂದು ಬೆಳಿಗ್ಗೆ ಅವರು "ಇವತ್ತು ಇಳಿಯುವುದು ಬೇಡ ಮಾರಾಯ್ರೆ, ಸೆಳೆತ ಜೋರು ಉಂಟು" ಎಂದು ಖಚಿತವಾಗಿ ಹೇಳಿ ಅಂದಿನ ತರಬೇತಿಯ ಹಣವನ್ನು ಬಿಟ್ಟುಕೊಟ್ಟರು. ದಡದಲ್ಲಿ ನಿಂತು ಕೈಯಿಂದಲೇ ಎಳೆಯುವ ಕೈರಂಪಣಿ ಬಲೆಯನ್ನು ಎಳೆಯುವ ಹೊತ್ತಿನಲ್ಲಿ ಅತಿಥಿಗಳು ಮೀನುಗಾರರಿಗೆ ಅಡ್ಡ ಬರದಂತೆ ನೋಡಿಕೊಳ್ಳುವ ಅವರ ಎಚ್ಚರವೂ ನನಗೆ ಬಹಳ ಮೆಚ್ಚುಗೆಯಾಯಿತು.

ಮನೆಯ ದಿನಚರಿಯೂ ಕಡಲಿಗೆ ಹೊಂದಿಕೊಂಡಿದೆ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುವುದರಿಂದ ತೆರೆಗಳು ನೀಟಾಗಿ ಏಳುತ್ತವೆ. ಬಿಸಿಲೇರಿ ಕಡಲಗಾಳಿ ಶುರುವಾದ ಮೇಲೆ ನೀರೆಲ್ಲ ಕಲಕಿದಂತಾಗುತ್ತದೆ. ಇದನ್ನು ಬಲ್ಲ ಮನೆಯ ಅಮ್ಮ ನಸುಕಿನಲ್ಲೇ ಚಹಾ ಮತ್ತು ಬಾಳೆಹಣ್ಣು ಕೊಟ್ಟು ಕಳುಹಿಸಿ, ನಾವು ಮರಳುವ ವೇಳೆಗೆ ಕಾವಲಿಯಿಂದ ಆಗಷ್ಟೇ ಎತ್ತಿದ ನೀರುದೋಸೆಯನ್ನು, ತೆಂಗಿನಕಾಯಿ ಬೆಲ್ಲದ ಜೊತೆಗೆ ಬಡಿಸುತ್ತಾರೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಮತ್ತು ಬಂಗುಡೆ ಮೀನಿನ ಹುಳಿಖಾರದ ಪದಾರ್ಥವಾದ ಪುಳಿಮುಂಚಿ ಇರುತ್ತದೆ. ಸಸ್ಯಾಹಾರಿಗಳಿಗೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡುತ್ತಾರೆ, ಆದರೆ ಮುಂಚಿತವಾಗಿ ತಿಳಿಸಬೇಕು. ಉಪ್ಪುನೀರಿನಲ್ಲಿ ನೆನೆದು ಬಂದವರಿಗೆ ಹಂಡೆಯ ಬಿಸಿನೀರು ಕೇಳುವ ಮೊದಲೇ ಸಿದ್ಧವಿರುತ್ತದೆ.

ಕೋಣೆಗಳು ಸಾಧಾರಣವಾಗಿವೆ, ಸ್ವಚ್ಛವಾಗಿವೆ. ಹೆಂಚಿನ ಮಾಡಿನ ಕೆಳಗೆ ಫ್ಯಾನ್ ಮಾತ್ರ ಇರುವುದರಿಂದ ಏಪ್ರಿಲ್, ಮೇ ತಿಂಗಳ ಸೆಕೆ ತಡೆಯದವರು ಯೋಚಿಸಿ ಬರಬೇಕು. ಸಂಜೆ ಸೊಳ್ಳೆ ಕಾಟವಿದೆ.

ನನಗೆ ಗಂಭೀರವೆನಿಸಿದ ಕೊರತೆ ಬೋರ್ಡ್‌ಗಳದ್ದು. ಹೊಸಬರಿಗೆ ಕೊಡುವ ಮೆತ್ತನೆಯ ಫೋಮ್ ಬೋರ್ಡ್‌ಗಳಲ್ಲಿ ಕೆಲವುಗಳ ಮೇಲ್ಪದರ ಹರಿದಿದ್ದು, ಒಳಗೆ ನೀರು ಹೀರಿ ಭಾರವಾಗಿವೆ. ಅಂಥ ಬೋರ್ಡ್ ಮೇಲೆ ಕಲಿಯುವವರು ವೃಥಾ ದಣಿಯುತ್ತಾರೆ. ಇಷ್ಟು ಅಕ್ಕರೆಯಿಂದ ಕಲಿಸುವ ಮನೆಯವರು ಅವನ್ನು ಬೇಗ ಬದಲಿಸಬೇಕೆಂದು ಅವರಿಗೂ ಹೇಳಿದ್ದೇನೆ. ಅದು ಆಗುವವರೆಗೆ, ಬೆಳಿಗ್ಗೆ ಬೋರ್ಡನ್ನು ಎತ್ತಿ ನೋಡಿ ಹಗುರವಾದದ್ದನ್ನೇ ಕೇಳಿ ಪಡೆಯುವುದು ಒಳ್ಳೆಯದು. ಹೊಟ್ಟೆ ಎದೆ ಬೋರ್ಡಿಗೆ ಉಜ್ಜಿ ಉರಿಯದಂತೆ ಮೈಗೆ ಅಂಟುವ ಈಜಿನ ಅಂಗಿಯೊಂದನ್ನು ಮನೆಯಿಂದಲೇ ತರಬೇಕು.

ಮೊದಲ ಬಾರಿ ಕಲಿಯುವವರಿಗೆ ತೆರೆಗಳು ಸಣ್ಣದಾಗಿರುವ ಡಿಸೆಂಬರ್, ಜನವರಿ ತಿಂಗಳುಗಳು ಸೂಕ್ತ. ಶನಿವಾರ, ಭಾನುವಾರ ಬೆಂಗಳೂರಿನ ತಂಡಗಳು ತುಂಬಿಕೊಳ್ಳುವುದರಿಂದ, ವಾರದ ನಡುವೆ ಬಂದವರಿಗೆ ಯಜಮಾನರ ಗಮನ ಹೆಚ್ಚು ಸಿಗುತ್ತದೆ.