ಅಪಾರ್ಟ್‌ಮೆಂಟ್ ಮೈಕ್ರೋಗ್ರಿಡ್‌ಗೆ ಲೈವ್ ಡಯಾಗ್ರಾಮ್ ಹಾಕಿಸಿದೆವು, ಕೆಲಸ ಹೇಗಿದೆ?

ಕನಕಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಸ್ಕಾಂ ಲೈನ್, ಟೆರೇಸ್ ಮೇಲೆ ಸೋಲಾರ್, ಲಿಥಿಯಂ ಬ್ಯಾಟರಿ, ಡೀಸೆಲ್ ಜನರೇಟರ್ ನಾಲ್ಕೂ ಇವೆ. ಕರೆಂಟ್ ಹೋದರೆ ಲಿಫ್ಟ್, ನೀರಿನ ಪಂಪ್, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ), ಕಾರಿಡಾರ್ ಲೈಟ್ ಇವಿಷ್ಟು ಬ್ಯಾಟರಿ ಮತ್ತು ಸೋಲಾರ್ ಮೇಲೆ ನಡೆಯುತ್ತವೆ. ಸಣ್ಣ ಮೈಕ್ರೋಗ್ರಿಡ್ಡೇ ಅನ್ನಿ. ಇದೆಲ್ಲ ಒಂದೇ ಸಿಂಗಲ್ ಲೈನ್ ಡಯಾಗ್ರಾಮ್ (ಪವರ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಒಂದೊಂದೇ ಗೆರೆಯಲ್ಲಿ ತೋರಿಸುವ ಚಿತ್ರ) ಮೇಲೆ ಲೈವ್ ಆಗಿ ಕಾಣಬೇಕು ಅಂತ ಪೀಣ್ಯದ ಒಂದು ಚಿಕ್ಕ ಕಂಪನಿಗೆ ಕೆಲಸ ಕೊಟ್ಟಿದ್ದೆವು. ಕೆಲಸ ಚೆನ್ನಾಗಿದೆ, ಇನ್ನೊಮ್ಮೆ ಬೇಕಾದರೂ ಅವರನ್ನೇ ಕರೆಯುತ್ತೇನೆ. ಎರಡು ವಿಷಯಕ್ಕೆ ಬೇಸರ ಇದೆ, ಅದಕ್ಕೇ ಹೆಸರು ಹಾಕುತ್ತಿಲ್ಲ. ಇಂಥ ಕೆಲಸ ಮಾಡಿಸಲು ಹೊರಟಿರುವ ಅಸೋಸಿಯೇಷನ್‌ನವರಿಗೆ ಏನೇನು ಕೇಳಬೇಕು ಅಂತ ಗೊತ್ತಾಗಲಿ.

ನನಗೆ ತುಂಬಾ ಇಷ್ಟವಾದದ್ದು ಅವರು ಶುರು ಮಾಡಿದ ರೀತಿ. ಕೊಟೇಶನ್ ಕೊಟ್ಟ ಬೇರೆಯವರೆಲ್ಲ ಬಿಲ್ಡರ್ ಕೊಟ್ಟ ಡ್ರಾಯಿಂಗ್ ಕಳಿಸಿ ಸಾಕು ಅಂದಿದ್ದರು. ಇವರು ಮಾತ್ರ ನಮ್ಮ ಎಲೆಕ್ಟ್ರಿಷಿಯನ್ ಅಣ್ಣನನ್ನು ಜೊತೆಗೆ ಕರೆದುಕೊಂಡು ಪ್ಯಾನೆಲ್ ರೂಮಿಗೆ ಹೋಗಿ, ಟ್ರಾನ್ಸ್‌ಫಾರ್ಮರ್‌ನಿಂದ ಹಿಡಿದು ಒಂದೊಂದು ಕೇಬಲ್ಲೂ ಎಲ್ಲಿ ಹೋಗುತ್ತದೆ ಅಂತ ಹಿಂಬಾಲಿಸಿ ನೋಡಿ, ಆಮೇಲೆ ಚಿತ್ರ ಬರೆಯಲು ಕೂತರು. ಡ್ರಾಯಿಂಗ್‌ನಲ್ಲಿ ಕ್ಲಬ್‌ಹೌಸ್ ಅಂತ ಬರೆದಿದ್ದ ಫೀಡರ್ (ಪ್ಯಾನೆಲ್‌ನಿಂದ ಒಂದು ಕಡೆಗೆ ಪವರ್ ಒಯ್ಯುವ ಲೈನ್) ನಿಜಕ್ಕೂ ಎಸ್‌ಟಿಪಿ ಬ್ಲೋವರ್‌ಗೆ ಹೋಗುತ್ತಿತ್ತು! ಇಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲ. ತಪ್ಪು ಡ್ರಾಯಿಂಗ್ ಮೇಲೆ ಎಷ್ಟು ಒಳ್ಳೆ ಸಾಫ್ಟ್‌ವೇರ್ ಕೂರಿಸಿದರೂ ತಪ್ಪನ್ನೇ ಲೈವ್ ಆಗಿ ತೋರಿಸುತ್ತದೆ, ಅಲ್ವಾ?

ಎರಡನೆಯದು ಬ್ರೇಕರ್ ವಿಷಯ. ಕೆಲವರು ಮೀಟರ್ ಓದಿ ಕರೆಂಟ್ ಸೊನ್ನೆ ಬಂದರೆ ಬ್ರೇಕರ್ ಆಫ್ ಅಂತ ತೋರಿಸಿಬಿಡುತ್ತಾರೆ. ಪಂಪ್ ಓಡದೆ ಸುಮ್ನೆ ಇದ್ದಾಗಲೂ ಕರೆಂಟ್ ಸೊನ್ನೆಯೇ, ಆದರೆ ಲೈನ್‌ನಲ್ಲಿ ಪೂರ್ತಿ ವೋಲ್ಟೇಜ್ ಇರುತ್ತದೆ. ಅದನ್ನು ನಂಬಿ ಯಾರಾದರೂ ಕೈ ಹಾಕಿದರೆ ಮುಗಿಯಿತು. ಇವರು ಪ್ರತಿ ಬ್ರೇಕರ್‌ನ ಆಕ್ಸಿಲರಿ ಕಾಂಟ್ಯಾಕ್ಟ್‌ನಿಂದ (ಬ್ರೇಕರ್ ಜೊತೆಗೇ ಚಲಿಸಿ ಅದರ ಸ್ಥಿತಿ ತಿಳಿಸುವ ಚಿಕ್ಕ ಸ್ವಿಚ್) ಬೇರೆ ವೈರ್ ಎಳೆದರು. ಆನ್, ಆಫ್, ಟ್ರಿಪ್ ಮೂರೂ ಬೇರೆ ಬೇರೆಯಾಗಿ ಬರುತ್ತವೆ. ಯಾವ ಬಸ್‌ಗೆ (ಹಲವು ಫೀಡರ್‌ಗಳಿಗೆ ಪವರ್ ಹಂಚುವ ಲೋಹದ ಪಟ್ಟಿ) ಎಲ್ಲಿಂದ ಪವರ್ ಬರುತ್ತಿದೆ ಅನ್ನುವುದನ್ನು ಬ್ರೇಕರ್‌ಗಳ ಸ್ಥಿತಿ ನೋಡಿ ಲೆಕ್ಕ ಹಾಕಿ ಗೆರೆಗೆ ಬಣ್ಣ ಕೊಡುತ್ತದೆ. ಇಷ್ಟಾದರೂ ಕೆಲಸಕ್ಕೆ ಇಳಿಯುವ ಮುಂಚೆ ಟೆಸ್ಟರ್ ಹಾಕಿ ನೋಡಲೇಬೇಕು ಅಂತ ಸ್ಕ್ರೀನ್ ಮೇಲೇ ಬರೆಸಿದ್ದೇವೆ.

ಬಣ್ಣದ ಬಗ್ಗೆ ಒಂದು ಮಾತು. ಮೊದಲ ದಿನ ತೋರಿಸಿದ ಚಿತ್ರದಲ್ಲಿ ಆನ್ ಆಗಿರುವ ಬ್ರೇಕರ್ ಹಸಿರು, ಆಫ್ ಆದದ್ದು ಕೆಂಪು ಇತ್ತು. ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ನೋಡಿದವನೇ, "ಸಾರ್, ಇದೇನು ಉಲ್ಟಾ? ಪ್ಯಾನೆಲ್‌ನಲ್ಲಿ ಕೆಂಪು ದೀಪ ಅಂದ್ರೆ ಆನ್, ಹಸಿರು ಅಂದ್ರೆ ಆಫ್ ಅಲ್ವಾ?" ಅಂದ. ಸರಿಯಾದ ಮಾತು. ನಮ್ಮ ಕಡೆ ಪ್ಯಾನೆಲ್‌ಗಳಲ್ಲಿ ಹಾಗೇ ಇರುತ್ತದೆ, ಟ್ರಿಪ್ ಆದರೆ ಹಳದಿ ದೀಪ. ಅಲ್ಲೇ ಕೂತು ಬದಲಿಸಿ ಕೊಟ್ಟರು. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಸ್ಕ್ರೀನ್ ನೋಡುವವನು ಅವನು. ಅವನಿಗೆ ಕ್ಷಣದಲ್ಲಿ ಅರ್ಥವಾಗಬೇಕು.

ಮೀಟರ್‌ಗಳು ಆರ್‌ಎಸ್-485 ವೈರಿನ ಮೇಲೆ ಮಾಡ್‌ಬಸ್ ಅನ್ನುವ ಭಾಷೆಯಲ್ಲಿ ಕಂಪ್ಯೂಟರ್ ಜೊತೆ ಮಾತಾಡುತ್ತವೆ. 1979ರ ಪ್ರೋಟೋಕಾಲ್, ಈಗಲೂ ಗಟ್ಟಿ. ಆದರೆ ವೈರಿಂಗ್ ಶಿಸ್ತಾಗಿರಬೇಕು. ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಎಳೆಯಬೇಕು, ಎರಡು ತುದಿಯಲ್ಲೂ 120 ಓಮ್ ರೆಸಿಸ್ಟರ್ ಬೇಕು. ಎಲ್ಲ ಮೀಟರ್ ಒಂದೇ ಲೈನ್‌ಗೆ ಹಾಕಿದರೆ ಸರದಿ ಬರುವುದು ತಡ, ಅದಕ್ಕೆ ಎರಡು ಲೈನ್ ಮಾಡಿದರು. ಒಂದು ಮೀಟರ್ ಮಾತ್ರ ವೋಲ್ಟೇಜನ್ನು ಅರ್ಥವೇ ಇಲ್ಲದ ಸಂಖ್ಯೆಯಾಗಿ ತೋರಿಸುತ್ತಿತ್ತು. 32 ಬಿಟ್ ಸಂಖ್ಯೆ ಎರಡು ರಿಜಿಸ್ಟರ್‌ಗಳಲ್ಲಿ (ಮೀಟರ್ ಒಳಗೆ ಸಂಖ್ಯೆ ಇಡುವ ಜಾಗ) ಬರುತ್ತದೆ, ಯಾವುದು ಮೊದಲು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಅದನ್ನು ತಿರುಗಿಸಿದ ಕೂಡಲೇ ಸರಿಹೋಯಿತು. ಸೋಲಾರ್ ಫೀಡರ್‌ನ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್, ಮೀಟರ್‌ಗಾಗಿ ಕರೆಂಟ್ ಅಳೆಯುವ ಸುರುಳಿ) ಉಲ್ಟಾ ಕೂತಿದ್ದರಿಂದ ನಡು ಮಧ್ಯಾಹ್ನ ಸೋಲಾರೇ ಕರೆಂಟ್ ತಿನ್ನುತ್ತಿದೆ ಅಂತ ಬರುತ್ತಿತ್ತು. ಸಾಫ್ಟ್‌ವೇರ್‌ನಲ್ಲಿ ಮೈನಸ್ ಹಾಕಿ ಮುಚ್ಚಿಬಿಡಬಹುದಿತ್ತು. ಹಾಗೆ ಮಾಡದೆ, ಸಿಟಿಯ ಎರಡು ತುದಿಯನ್ನೂ ಜೋಡಿಸುವ ಶಾರ್ಟಿಂಗ್ ಲಿಂಕ್ ಹಾಕಿ, ಸಿಟಿಯ ಎರಡು ವೈರ್ ಅದಲು ಬದಲು ಮಾಡಿ, ಆಮೇಲೆ ಲಿಂಕ್ ತೆಗೆದರು. ಲೋಡ್ ಇರುವಾಗ ಸಿಟಿ ಸೆಕೆಂಡರಿ (ಮೀಟರ್ ಕಡೆಯ ವೈರ್) ಓಪನ್ ಆದರೆ ಅಪಾಯಕಾರಿ ವೋಲ್ಟೇಜ್ ಬರುತ್ತದೆ, ಅದನ್ನು ಗೊತ್ತಿಟ್ಟುಕೊಂಡು ಕೆಲಸ ಮಾಡಿದ್ದು ನೋಡಿ ಖುಷಿಯಾಯಿತು.

ಇನ್ನೊಂದು ಚಿಕ್ಕ ವಿಷಯ, ಆದರೆ ಮುಖ್ಯ. ಮೀಟರ್ ಜೊತೆ ಸಂಪರ್ಕ ತಪ್ಪಿದರೆ ಹಳೆ ಸಂಖ್ಯೆ ಹಾಗೇ ನಿಲ್ಲುವುದಿಲ್ಲ. ಬೂದು ಬಣ್ಣಕ್ಕೆ ತಿರುಗಿ, ಕೊನೆಗೆ ಓದಿದ ಸಮಯ ಪಕ್ಕದಲ್ಲಿ ಬರುತ್ತದೆ. ಡೆಮೊ ನೋಡುವಾಗ ಒಂದು ವೈರ್ ಕಿತ್ತು ತೋರಿಸಿ ಅಂತ ಕೇಳಿ.

ಈಗ ಬೇಸರ. ಗ್ರಿಡ್ ಜೊತೆ ಇರುವಾಗ ಫ್ರೀಕ್ವೆನ್ಸಿ 50 ಹರ್ಟ್ಜ್ ಆಸುಪಾಸಿನಲ್ಲೇ ಇರುತ್ತದೆ. ಗ್ರಿಡ್ ಕೋಡ್ ಪ್ರಕಾರ ಇರಬೇಕಾದ್ದು 49.90ರಿಂದ 50.05. ಇವರು ಅಲಾರಂ ಮಿತಿಯನ್ನು ಅದಕ್ಕೆ ಹತ್ತಿರವಾಗಿ ಇಟ್ಟಿದ್ದರು. ಆದರೆ ನಮ್ಮಲ್ಲಿ ಕರೆಂಟ್ ಹೋಗಿ ಐಲ್ಯಾಂಡ್ ಆದಾಗ (ಗ್ರಿಡ್‌ನಿಂದ ಬೇರೆಯಾಗಿ ನಮ್ಮದೇ ಪವರ್ ಮೇಲೆ ನಡೆಯುವಾಗ), ಬ್ಯಾಟರಿ ತುಂಬಿದ್ದು ಬಿಸಿಲೂ ಜೋರಾಗಿದ್ದರೆ, ಬ್ಯಾಟರಿ ಇನ್ವರ್ಟರ್ ತಾನೇ ಬೇಕಂತಲೇ ಫ್ರೀಕ್ವೆನ್ಸಿ ಏರಿಸುತ್ತದೆ. ಸೋಲಾರ್ ಇನ್ವರ್ಟರ್ ಅದನ್ನು ನೋಡಿ ಉತ್ಪಾದನೆ ಇಳಿಸಿಕೊಳ್ಳುತ್ತದೆ. ಹಾಗಾಗಿ ಆಗ 51 ದಾಟಿದರೂ ಎಲ್ಲ ಸರಿಯಾಗೇ ನಡೆಯುತ್ತಿದೆ ಅಂತ ಅರ್ಥ. ಇದು ಗೊತ್ತಿಲ್ಲದೆ ಕಮಿಟಿಯ ಎಲ್ಲರ ಫೋನಿಗೂ ಅಲಾರಂ ಮೇಲೆ ಅಲಾರಂ ಬಂದು, ಗಾಬರಿಯಲ್ಲಿ ಜನರೇಟರ್ ಹಾಕಿಸಿ ಸುಮ್ನೆ ಡೀಸೆಲ್ ಸುಟ್ಟೆವು. ಐಲ್ಯಾಂಡ್‌ಗೆ ಬೇರೆ ಮಿತಿ ಇಡಿ ಅಂತ ಹೇಳಿ ಹೇಳಿ ಸಾಕಾಗಿ, ತುಂಬಾ ತಡವಾಗಿ ಸರಿ ಮಾಡಿಕೊಟ್ಟರು. ಮೈಕ್ರೋಗ್ರಿಡ್ ಮಾನಿಟರಿಂಗ್ ಅಂತ ದುಡ್ಡು ತೆಗೆದುಕೊಂಡವರು ಇದನ್ನು ಮೊದಲೇ ಯೋಚಿಸಬೇಕಿತ್ತು.

ಎರಡನೇ ಬೇಸರ, ಆಮೇಲೆ ಕಾರ್ ಚಾರ್ಜರ್‌ಗಳಿಗೆ ಹೊಸ ಫೀಡರ್ ಬಂದಾಗ ಚಿತ್ರಕ್ಕೆ ಒಂದು ಗೆರೆ, ಒಂದು ಮೀಟರ್ ಸೇರಿಸಲು ಹೊಸ ಪ್ರಾಜೆಕ್ಟ್‌ನಷ್ಟೇ ರೇಟ್ ಹೇಳಿದರು. ಎಡಿಟ್ ಮಾಡುವ ಪಾಸ್‌ವರ್ಡ್ ನಮ್ಮ ಹತ್ತಿರ ಇರಲಿಲ್ಲ. ಜಗಳ ಆಗಿ, ಕೊನೆಗೆ ಕೊಟ್ಟರು.

ಫೋನಿನಿಂದಲೇ ಬ್ರೇಕರ್ ಆನ್ ಆಫ್ ಮಾಡುವ ಸೌಲಭ್ಯ ಕೊಡುತ್ತೇವೆ ಅಂದಿದ್ದರು, ಬೇಡ ಅಂದೆವು. ಕೆಳಗೆ ಯಾರೋ ಲೈನ್ ಮೇಲೆ ಕೆಲಸ ಮಾಡುತ್ತಿರುವಾಗ ಮೇಲೆ ಮನೆಯಲ್ಲಿ ಕೂತವರು ಒತ್ತಿಬಿಟ್ಟರೆ? ನಮ್ಮದು ನೋಡಲು ಮಾತ್ರ.

ವರ್ಕ್ ಆರ್ಡರ್‌ನಲ್ಲೇ ಇಷ್ಟು ಬರೆಸಿಕೊಳ್ಳಿ: ಡಯಾಗ್ರಾಮ್‌ನ ಮೂಲ ಫೈಲ್, ಅಡ್ಮಿನ್ ಪಾಸ್‌ವರ್ಡ್, ಪ್ರತಿ ಮೀಟರಿನ ರಿಜಿಸ್ಟರ್ ಪಟ್ಟಿ, ಮುಂದೆ ಒಂದು ಫೀಡರ್ ಸೇರಿಸಲು ಎಷ್ಟು ರೇಟ್, ಡೇಟಾ ನಮ್ಮ ಕಂಪ್ಯೂಟರ್‌ನಲ್ಲೇ ಇರಬೇಕು ಅನ್ನುವುದು. ನಾವು ಈಗ ತಿದ್ದಿ ಇಟ್ಟುಕೊಂಡಿರುವ ವರ್ಕ್ ಆರ್ಡರ್ ಪ್ರತಿ ಇದೆ, ಬೇಕಾದವರು ಕೇಳಿ, ಕಳಿಸುತ್ತೇನೆ.