ಅಸ್ತ್ರ ಒಲೆ: 9 ಮಳೆಗಾಲ ಕಳೆದ ಮೇಲೆ

ನಮ್ಮ ಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಗ್ಯಾಸ್ ಇದೆ. ಆದರೂ ಬೆಳಗಿನ ಅನ್ನ, ಸಾರು, ಕುಡಿಯುವ ನೀರು ಎಲ್ಲ ಅಸ್ತ್ರ ಒಲೆಯ ಮೇಲೆಯೇ. ಅಡಿಕೆ ತೋಟದಲ್ಲಿ ಬೀಳುವ ಸೋಗೆ, ಹಾಳೆಗಳನ್ನು ಮತ್ತೇನು ಮಾಡುವುದು? ಒಲೆ ಹಾಕಿಸಿ 9 ವರ್ಷ ಆಯಿತು. ಮೊದಲೇ ಹೇಳಿಬಿಡುತ್ತೇನೆ: ಉರಿ ಹತ್ತಿದ ಮೇಲೆ ಇದರ ಬಗ್ಗೆ ನನ್ನ ದೂರಿಲ್ಲ. ಹತ್ತಿಸುವ ಐದು ನಿಮಿಷ ಕಲಿಯುವುದಕ್ಕೆ ಮಾತ್ರ ಎರಡು ಮಳೆಗಾಲ ಹಿಡಿಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಕೇಂದ್ರದ ಆಗಿನ ಹೆಸರು ಅಸ್ತ್ರ. ಈ ಒಲೆ ಅಲ್ಲಿಯದು. ಸೌದೆ ಇಡಲು ಒಂದೇ ಬಾಯಿ, ಮೇಲೆ ಪಾತ್ರೆ ಕೂರಿಸಲು ಮೂರು ತೂತು, ಬೆಂಕಿಯ ಕೆಳಗೆ ಜಾಲರಿ, ಕೊನೆಗೆ ಚಿಮಣಿ.

ಬೇಸಿಗೆಯಲ್ಲಿ ತಂಟೆಯೇ ಇರಲಿಲ್ಲ. ಜೂನ್ ಬಂತು ನೋಡಿ, ಬೆಳಿಗ್ಗೆ ಐದೂವರೆಗೆ ಒಲೆ ಹಚ್ಚಿದರೆ ಹೊಗೆಯೆಲ್ಲ ಬಾಯಿಂದಲೇ ವಾಪಸ್. "ಇದಕ್ಕಿಂತ ಹಳೇ ಒಲೆಯೇ ವಾಸಿ ಇತ್ತು" ಅಂತ ಅತ್ತೆ ದಿನಾ ಹೇಳುತ್ತಿದ್ದರು. ನಾನು ಒಲೆ ಕಟ್ಟಿದವರನ್ನು ಬೈದುಕೊಂಡೆ, ಸೌದೆಯನ್ನು ಬೈದುಕೊಂಡೆ. ಊದುಗೊಳವೆ ಹಿಡಿದು ಊದಿದಷ್ಟೂ ಹೊಗೆ ಜಾಸ್ತಿ.

ತಪ್ಪು ಇದ್ದದ್ದು ಬೇರೆ ಕಡೆ. ರಾತ್ರಿಯೆಲ್ಲ ಮಳೆಗೆ ನೆಂದ ಚಿಮಣಿಯ ಕೊಳವೆ ಒಳಗೂ ತಣ್ಣಗಿರುತ್ತದೆ. ತಣ್ಣನೆ ಗಾಳಿ ಭಾರ. ಅದು ಬಿರಡೆ ಹಾಕಿದ ಹಾಗೆ ಕೂತಿರುತ್ತದೆ, ಕೆಲವು ದಿನ ಕೆಳಕ್ಕೇ ಇಳಿಯುತ್ತದೆ. ಆಗ ತಾನೇ ಹತ್ತಿದ ಉರಿಯ ಬಿಸಿ ಚಿಮಣಿ ಮುಟ್ಟುವ ಮೊದಲೇ ಒಲೆಯ ಮಣ್ಣು ಅದನ್ನು ನುಂಗಿರುತ್ತದೆ. ಕೊಳವೆ ಬಿಸಿಯಾಗದೆ ಹೊಗೆಯನ್ನು ಎಳೆಯುವುದಿಲ್ಲ, ಎಳೆಯದೆ ಬಿಸಿಯಾಗುವುದಿಲ್ಲ!

ಹಾಗಾಗಿ ಈಗ ನಾನು ಹಿಂದಿನಿಂದ ಶುರು ಮಾಡುತ್ತೇನೆ. ಮೂರನೇ ತೂತು ಚಿಮಣಿಯ ಬುಡದಲ್ಲೇ ಇದೆಯಲ್ಲ, ಅದರ ಪಾತ್ರೆ ಎತ್ತಿ, ಒಂದು ಹಿಡಿ ಒಣ ಹಾಳೆ ಚೂರನ್ನೋ ಹಳೆ ಪೇಪರನ್ನೋ ಚೆನ್ನಾಗಿ ಹೊತ್ತಿಸಿ ಇಕ್ಕಳದಲ್ಲಿ ಕೊಳವೆಯ ಕಡೆ ತಳ್ಳುತ್ತೇನೆ. ಧಗ್ ಅಂತ ಉರಿಯಬೇಕು, ಕಮರಬಾರದು. ತಕ್ಷಣ ಪಾತ್ರೆ ಇಟ್ಟು ತೂತು ಮುಚ್ಚುತ್ತೇನೆ. ಉಳಿದ ಎರಡು ತೂತಿನ ಮೇಲೂ ನೀರು ತುಂಬಿದ ಪಾತ್ರೆ ಕೂತಿರಬೇಕು, ಸಂದು ಬಿಟ್ಟರೆ ಕೆಲಸ ಕೆಟ್ಟಿತು. ಸ್ವಲ್ಪ ಹೊತ್ತಿಗೆ ಕೊಳವೆ ಬುಸ್ ಅನ್ನುತ್ತದೆ. ಆಮೇಲೆ ಮುಂದಿನ ಬಾಯಿಗೆ ಬೆಂಕಿ, ಅದೂ ಬೆರಳು ದಪ್ಪದ ಪುಳ್ಳೆಗಳಿಂದ. ಅತ್ತೆ ಇದನ್ನು ಚಿಮಣಿಗೆ ಆರತಿ ಎತ್ತುವುದು ಅನ್ನುತ್ತಾರೆ.

ಅನುಮಾನ ಇದ್ದ ದಿನ ದೇವರ ಮನೆಯಿಂದ ಒಂದು ಊದುಬತ್ತಿ ತಂದು ಒಲೆಯ ಬಾಯಿಗೆ ಹಿಡಿಯಿರಿ. ಅದರ ಹೊಗೆ ಒಳಗೆ ಹೋದರೆ ಸರಿ. ನಿಮ್ಮ ಮುಖಕ್ಕೆ ಬಂದರೆ ಇನ್ನೊಂದು ಹಿಡಿ ಹಾಳೆ.

ಇನ್ನೊಂದು ನಗೆಪಾಟಲಿನ ಕಥೆ ಇದೆ. ಎರಡನೇ ವರ್ಷ, ಹೊಗೆ ಹೋಗಲಿ ಅಂತ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಚಳಿ ಅಂತ ಕಿಟಕಿ ಬಾಗಿಲು ಮುಚ್ಚಿ ಫ್ಯಾನ್ ಹಾಕಿದರೆ ಹೊಗೆ ಎರಡರಷ್ಟು! ಫ್ಯಾನ್ ಹೊರಗೆ ತಳ್ಳಿದ ಗಾಳಿಗೆ ಬದಲು ಗಾಳಿ ಎಲ್ಲಿಂದಲಾದರೂ ಬರಬೇಕಲ್ಲ, ಅದು ಚಿಮಣಿಯಿಂದಲೇ ಇಳಿಯುತ್ತಿತ್ತು. ಈಗ ಒಲೆ ಹಚ್ಚುವಾಗ ಫ್ಯಾನ್ ಬಂದ್, ಹಿತ್ತಲ ಬಾಗಿಲು ಅರ್ಧ ತೆರೆದಿರುತ್ತದೆ.

ಚಿಮಣಿ ಮಾಡಿನ ನೆತ್ತಿಗಿಂತ ಮೇಲೆ ಹೋಗಬೇಕು. ನಮ್ಮದನ್ನು ಮೊದಲು ಹೆಂಚಿನಿಂದ ಒಂದು ಅಡಿಗೆ ನಿಲ್ಲಿಸಿದ್ದರು, ಗಾಳಿ ಬೀಸಿದರೆ ಹೊಗೆ ಕೆಳಕ್ಕೆ. ಇನ್ನೊಂದು ತುಂಡು ಪೈಪು ಸೇರಿಸಿದ ಮೇಲೆ ಆ ಕಾಟ ಹೋಯಿತು.

ಸೌದೆ ಹಸಿಯಿದ್ದರೆ ಯಾವ ಉಪಾಯವೂ ನಡೆಯುವುದಿಲ್ಲ. ನಾವು ಹೋದ ಬೇಸಿಗೆಯಲ್ಲಿ ಒಡೆದಿಟ್ಟದ್ದನ್ನು ಈ ಮಳೆಗಾಲಕ್ಕೆ ಸುಡುತ್ತೇವೆ. ನಾಳೆಯ ಪುಳ್ಳೆ ರಾತ್ರಿಯೇ ಒಲೆಯ ಪಕ್ಕ ಬರುತ್ತದೆ. ಸೀಮೆಎಣ್ಣೆ ಸುರಿಯುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಬೇಜಾರಿನ ಸಂಗತಿಗಳೂ ಇವೆ. ತಿಂಗಳಿಗೊಮ್ಮೆ ಬಿದಿರಿಗೆ ಗೋಣಿ ತುಂಡು ಕಟ್ಟಿ ಕೊಳವೆಯ ಮಸಿ ತೆಗೆಯಬೇಕು. ತೂತಿನ ಅಳತೆಗೆ ಹೊಂದದ ಪಾತ್ರೆ ಇಡುವ ಹಾಗಿಲ್ಲ. ನೆಂಟರು ಬಂದಾಗ ದೊಡ್ಡ ತಪ್ಪಲೆಗೆ ಈಗಲೂ ಗ್ಯಾಸೇ ಗತಿ. ಹೊಸದಾಗಿ ಕಟ್ಟಿಸುವವರು ಚಿಮಣಿಯ ಬುಡದಲ್ಲಿ ಮಸಿ ತೆಗೆಯಲು ಒಂದು ಕಿಂಡಿ ಬಿಡಿಸಿಕೊಳ್ಳಿ. ನಮಗೆ ಹೊಳೆಯಲಿಲ್ಲ.

5ಕ್ಕೆ 4 ಕೊಡುತ್ತೇನೆ. ಈ ವರ್ಷ ಒಲೆಯ ಬಾಯಿ ಸ್ವಲ್ಪ ಬಿರಿದಿದೆ, ಮಳೆ ಬಿಟ್ಟ ಮೇಲೆ ಮಣ್ಣು ಸಗಣಿ ಕಲಸಿ ಮೆತ್ತಬೇಕು.